ಡಿಸೆಂಬರ್‌ನ ಕುಮಾರ ಪರ್ವತ, ಆಮೇಲೆ ತೀರ್ಥಹಳ್ಳಿ ತೋಟ: ಮೈಮೇಲೆ ಏನಿರಬೇಕು, ಬ್ಯಾಗಿನಲ್ಲಿ ಏನಿರಬೇಕು

ನೀವು ಇಲ್ಲಿ ಹಾಕಿದ ಸಾಮಾನಿನ ಪಟ್ಟಿ ಪೂರ್ತಿ ಓದಿದೆ. ಡಿಸೆಂಬರ್ ಮೊದಲ ವಾರ ಇಬ್ಬರು ಗೆಳೆಯರ ಜೊತೆ ಕುಮಾರ ಪರ್ವತ ಹತ್ತಬೇಕು. ಅಲ್ಲಿಂದ ತೀರ್ಥಹಳ್ಳಿ ಕಡೆ ನಿಮ್ಮ ಮಾವನ ತೋಟಕ್ಕೆ ಹೋಗಿ, ಟಾರ್ಪಾಲ್ ಕಟ್ಟಿಕೊಂಡು, ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡಿಕೊಂಡು ಎರಡು ರಾತ್ರಿ ಇರಬೇಕು. ಅದಕ್ಕೆ ಅಂತ 65 ಲೀಟರ್ ಬ್ಯಾಗ್, ದೊಡ್ಡ ಚಾಕು, ಮಡಚುವ ಗರಗಸ, ಸಣ್ಣ ಕೊಡಲಿ, ಕಿಡಿ ಹಾರಿಸುವ ಫೆರೋ ರಾಡ್ ಎಲ್ಲಾ ನೋಡಿಟ್ಟಿದ್ದೀರಿ. ಇನ್ನೇನು ತಗೊಳ್ಳಲಿ ಅಂತ ಕೇಳಿದ್ದೀರಿ. ಇಲ್ಲಿ ಉತ್ತರ ಬರೆದ ಕೆಲವರು ಇನ್ನಷ್ಟು ಸೇರಿಸಿದ್ದಾರೆ. ನಾನು ಸ್ವಲ್ಪ ತೆಗೆಯುತ್ತೇನೆ. ಉಳಿದದ್ದನ್ನು ಎಲ್ಲೆಲ್ಲಿ ಇಟ್ಟುಕೊಳ್ಳಬೇಕು ಅಂತ ಹೇಳುತ್ತೇನೆ. ನನ್ನ ಪ್ರಕಾರ ಇಡುವ ಜಾಗವೇ ದೊಡ್ಡ ವಿಷಯ.

ಮೊದಲು ಒಂದು ಮಾತು. ಇವು ಎರಡು ಬೇರೆ ಬೇರೆ ಪ್ರವಾಸ. ಒಂದೇ ಬ್ಯಾಗ್ ಕಟ್ಟಬೇಡಿ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ, ಕಾಡಿಗೆ ಅಪಾಯ ಆಗುವ ಹಾಗೆ ಬೆಂಕಿ ಹಚ್ಚುವಂತಿಲ್ಲ. ತಪಾಸಣೆ ಜಾಗದಲ್ಲಿ ಬ್ಯಾಗ್ ತೆಗೆಸಿ ನೋಡುತ್ತಾರೆ. ಗರಗಸ, ಚಾಕು, ಫೆರೋ ರಾಡ್ ಎಲ್ಲಾ ಇನ್ನೊಂದು ಚೀಲಕ್ಕೆ ಹಾಕಿ, ನೇರ ಮಾವನ ಮನೆಗೆ ಕಳಿಸಿಬಿಡಿ. ತುದಿಯಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಹಾಗಾಗಿ ಟೆಂಟೂ ಬೇಡ. ಚಾರಣದ ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಿ, ಗುರುತಿನ ಚೀಟಿ ಜೇಬಿನಲ್ಲಿರಲಿ.

ಈಗ ಜೋಡಿಸುವ ವಿಷಯ. ತೋಟದ ಕೆಲಸದವರನ್ನು ಗಮನಿಸಿದ್ದೀರಾ? ಸೊಂಟದ ಹಿಂದೆ ಕೊಕ್ಕೆ ಕಟ್ಟಿರುತ್ತಾರೆ, ಅದಕ್ಕೆ ಕತ್ತಿ ಸಿಕ್ಕಿಸಿರುತ್ತಾರೆ. ಕೈ ಹಿಂದೆ ಹೋದರೆ ಕತ್ತಿ ಸಿಗುತ್ತದೆ, ನೋಡಬೇಕಾಗಿಯೇ ಇಲ್ಲ. ತಕ್ಷಣ ಬೇಕಾದದ್ದು ಮೈಮೇಲೇ ಇರಬೇಕು, ಯಾವಾಗಲೂ ಒಂದೇ ಜಾಗದಲ್ಲಿ ಇರಬೇಕು. ನಾನು ಸಾಮಾನನ್ನು ಮೂರು ಕಡೆ ಹಂಚುತ್ತೇನೆ: ಮೈಮೇಲೆ, ಸೊಂಟದ ಸಣ್ಣ ಚೀಲದಲ್ಲಿ, ಬೆನ್ನಿನ ಬ್ಯಾಗಿನಲ್ಲಿ. ಎಲ್ಲಿಗೆ ಯಾವುದು ಅಂತ ಗೊತ್ತಾಗದಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಬ್ಯಾಗ್ ಒಂದು ಕಡೆ ಇಳಿಸಿ ಫೋಟೋ ತೆಗೆಯಲು ಹೋಗಿ ದಾರಿ ತಪ್ಪಿತು, ಕತ್ತಲಾಯಿತು ಅಂದುಕೊಳ್ಳಿ. ಆಗ ಕೈಯಲ್ಲಿ ಏನಿರುತ್ತದೆ?

ಮೈಮೇಲೆ ಇರಬೇಕಾದದ್ದು ಕಡಿಮೆಯೇ. ಕುತ್ತಿಗೆಗೆ ಸೀಟಿ. ಪ್ಯಾಂಟಿನ ಜಿಪ್ ಜೇಬಿನಲ್ಲಿ ಫೋನ್, ಗುರುತಿನ ಚೀಟಿ, ಸ್ವಲ್ಪ ನಗದು. ಇನ್ನೊಂದು ಜೇಬಿನಲ್ಲಿ ಪುಟ್ಟ ಟಾರ್ಚ್. ಅಷ್ಟೇ. ಸೀಟಿಯನ್ನು ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ. ಇದನ್ನು ಗೆಳೆಯರಿಗೂ ಮೊದಲೇ ಹೇಳಿಡಿ. ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತದೆ, ಸೀಟಿಗೆ ಆ ತೊಂದರೆ ಇಲ್ಲ. ಫೋನಿನಲ್ಲಿ ದಾರಿಯ ನಕ್ಷೆ ಡೌನ್‌ಲೋಡ್ ಮಾಡಿಕೊಂಡು, ಹತ್ತುವಾಗ ಏರೋಪ್ಲೇನ್ ಮೋಡ್‌ಗೆ ಹಾಕಿ. ಸಿಗ್ನಲ್ ಸಿಗದ ಕಡೆ ಫೋನ್ ಅದನ್ನು ಹುಡುಕುತ್ತಲೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ.

ಸೊಂಟದ ಚೀಲದಲ್ಲಿ ತಲೆಗೆ ಕಟ್ಟುವ ಟಾರ್ಚ್, ಅದಕ್ಕೆ ಇನ್ನೊಂದು ಜೊತೆ ಬ್ಯಾಟರಿ, ಓಆರ್‌ಎಸ್, ಗಾಯಕ್ಕೆ ಹಚ್ಚುವ ಮುಲಾಮು, ಬ್ಯಾಂಡೇಜ್, ನಿಮ್ಮ ದಿನದ ಮಾತ್ರೆ ಇದ್ದರೆ ಅದು, ಒಂದು ಚಿಮಟ, ಎರಡು ಚಿಕ್ಕಿ. ತಲೆ ಟಾರ್ಚ್‌ಗೆ ದುಡ್ಡು ಖರ್ಚು ಮಾಡಿ, ಚಾಕುವಿಗಲ್ಲ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ. ಇಳಿಯುವಾಗ ಕೊನೆಯ ಭಾಗ ದಟ್ಟ ಕಾಡು, ಅಲ್ಲಿ ಇನ್ನೂ ಬೇಗ ಕತ್ತಲಾಗುತ್ತದೆ. ಬೇರು, ಕಲ್ಲು, ಸುಸ್ತಾದ ಕಾಲು. ಕೈಯಲ್ಲಿ ಫೋನ್ ಟಾರ್ಚ್ ಹಿಡಿದುಕೊಂಡು ಇಳಿಯುವವರೇ ಹೆಚ್ಚಾಗಿ ಬೀಳುವುದು, ಯಾಕೆಂದರೆ ಒಂದು ಕೈ ಖಾಲಿ ಇರುವುದಿಲ್ಲ. ಟಾರ್ಚ್ ಮೂವರ ಹತ್ತಿರವೂ ಬೇರೆ ಬೇರೆ ಇರಬೇಕು. ಹಂಚಿಕೊಳ್ಳುವ ವಸ್ತು ಅಲ್ಲ ಅದು.

ಓಆರ್‌ಎಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಪೊಟ್ಟಣ ಇರುವುದು ಒಂದು ಲೀಟರ್ ನೀರಿಗೆ. ತುಂಬಾ ಜನ ಅದನ್ನು ಒಂದು ಲೋಟಕ್ಕೆ ಸುರಿದು ಕುಡಿಯುತ್ತಾರೆ. ಆಗ ಉಪ್ಪು ಸಕ್ಕರೆ ಜಾಸ್ತಿಯಾಗಿ ಒಳ್ಳೆಯದರ ಬದಲು ಕೆಟ್ಟದ್ದೇ ಆಗುತ್ತದೆ. 200 ಮಿಲಿಗೆ ಬೇರೆ ಸಣ್ಣ ಪೊಟ್ಟಣವೂ ಸಿಗುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಓದಿ, ಮನೆಯಲ್ಲೇ ಮಾರ್ಕರ್‌ನಿಂದ ದೊಡ್ಡದಾಗಿ ಬರೆದಿಡಿ. ಒಂದು ಲೀಟರ್ ಬಾಟಲಿ ಒಂದನ್ನು ಇದಕ್ಕೇ ಇಟ್ಟುಕೊಂಡರೆ ಅಳತೆಯ ತಲೆನೋವು ಇರುವುದಿಲ್ಲ. ನೀರು ಒಬ್ಬರಿಗೆ ಮೂರು ಲೀಟರ್ ಹೊರಡುವಾಗಲೇ ಇರಲಿ. ದಾರಿ ಮಧ್ಯೆ ಸಿಗುವ ಭಟ್ಟರ ಮನೆ ದಾಟಿದ ಮೇಲೆ ತುಂಬಾ ದೂರ ಬಯಲು ಹುಲ್ಲುಗಾವಲು, ನೆರಳಿಲ್ಲ. ಬಿಸಿಲು ಹೀರಿಬಿಡುತ್ತದೆ.

ಬೆನ್ನಿನ ಬ್ಯಾಗ್ 30-35 ಲೀಟರ್ ಸಾಕು. 65 ಲೀಟರ್ ತಗೊಂಡರೆ ಜಾಗ ಇದೆ ಅಂತ ತುಂಬುತ್ತಾ ಹೋಗುತ್ತೇವೆ, ಅಲ್ವಾ? ಒಳಗೆ ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನೆಲ್ಲ ಅದರೊಳಗೆ ಇಡಿ. ಹೊರಗಿನ ರೇನ್ ಕವರ್ ಒಂದನ್ನೇ ನಂಬಬೇಡಿ. ಮಳೆ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿದು, ಬೆನ್ನಿಗೆ ತಾಗುವ ಕಡೆಯಿಂದ ಒಳಗೆ ಹೋಗುತ್ತದೆ. ಕವರ್ ಅಲ್ಲಿ ಮುಚ್ಚುವುದೇ ಇಲ್ಲ. ಬೆವರೂ ಅದೇ ದಾರಿ. ಈ ಚೀಲವನ್ನು ತಪಾಸಣೆಯಲ್ಲಿ ತೋರಿಸಿ, ಹಾಗೇ ವಾಪಸ್ ತನ್ನಿ.

ತಳದಲ್ಲಿ ಒಂದು ಜೊತೆ ಒಣ ಬಟ್ಟೆ, ಸಾಕ್ಸ್. ಅದನ್ನು ಹಗಲಿನಲ್ಲಿ ಮುಟ್ಟಲೇಬೇಡಿ, ಎಷ್ಟೇ ಆಸೆಯಾದರೂ. ಮಧ್ಯದಲ್ಲಿ, ಬೆನ್ನಿಗೆ ಅಂಟಿದ ಹಾಗೆ, ನೀರು ಮತ್ತೆ ಭಾರದ ಊಟ. ಭಾರ ಹಿಂದಕ್ಕೆ ಜಾರಿದರೆ ಏರಿನಲ್ಲಿ ಭುಜ ಎಳೆಯುತ್ತದೆ. ಮೇಲೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ರೇನ್‌ಕೋಟ್. ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ತುದಿಗೆ ಸುಮಾರು 1,600 ಮೀಟರ್ ಏರುತ್ತೀರಿ. ಸಾವಿರ ಮೀಟರ್‌ಗೆ ಆರು ಡಿಗ್ರಿಯಂತೆ ಲೆಕ್ಕ ಹಾಕಿದರೂ ತುದಿಯಲ್ಲಿ ಒಂಬತ್ತು ಹತ್ತು ಡಿಗ್ರಿ ಕಡಿಮೆ. ಅದರ ಮೇಲೆ ಗಾಳಿ, ಮೈಗೆ ಅಂಟಿದ ಒದ್ದೆ ಬನಿಯನ್. ಜೀನ್ಸ್, ಹತ್ತಿ ಟೀ ಶರ್ಟ್ ಬಿಟ್ಟು ಬೇಗ ಒಣಗುವ ಪಾಲಿಯೆಸ್ಟರ್ ಹಾಕಿ ಅನ್ನುವುದು ಇದಕ್ಕೇ. ತುದಿ ಮುಟ್ಟಿ ಕೂತ ತಕ್ಷಣ ಸ್ವೆಟರ್ ಹಾಕಿಕೊಳ್ಳಿ, ಚಳಿ ಆದ ಮೇಲಲ್ಲ.

ಒಳಗಿನ ಸಾಮಾನನ್ನು ಸಣ್ಣ ಬಟ್ಟೆ ಚೀಲಗಳಲ್ಲಿ ಹಾಕಿ, ಬಣ್ಣ ಬೇರೆ ಬೇರೆ ಇರಲಿ. ಕೆಂಪು ಅಂದರೆ ಔಷಧಿ, ಹಳದಿ ಅಂದರೆ ಕತ್ತಲಾದ ಮೇಲೆ ಬೇಕಾದದ್ದು. ಮೂವರೂ ಇದೇ ಬಣ್ಣ ಇಟ್ಟುಕೊಳ್ಳಿ. ನಿಮಗೆ ಏನಾದರೂ ಆದರೆ ನಿಮ್ಮ ಬ್ಯಾಗ್ ತೆರೆಯುವವರು ಗೆಳೆಯರು ತಾನೇ. ಮಿಲಿಟರಿ ಹಸಿರಿನ ಸಾಮಾನು ನೋಡಲು ಚೆಂದ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಹಸಿರು ಹಿಡಿಯ ಚಾಕು ಇದ್ದರೆ ಅದಕ್ಕೆ ಕೇಸರಿ ದಾರ ಸುತ್ತಿ. ಜಿಪ್‌ಗಳಿಗೂ ಉದ್ದ ದಾರ ಕಟ್ಟಿ, ಚಳಿಗೆ ಬೆರಳು ಮರಗಟ್ಟಿದಾಗ ಗೊತ್ತಾಗುತ್ತದೆ ಅದರ ಬೆಲೆ. ಹೊರಡುವ ಹಿಂದಿನ ರಾತ್ರಿ ಲೈಟ್ ಆರಿಸಿ, ಟಾರ್ಚ್, ರೇನ್‌ಕೋಟ್, ಕೆಂಪು ಚೀಲ ಮೂರನ್ನೂ ಕೈ ಆಡಿಸಿ ಹುಡುಕಿ ನೋಡಿ. ತಡಕಾಡಬೇಕಾಯಿತು ಅಂದರೆ ಜಾಗ ಬದಲಾಯಿಸಿ.

ಇನ್ನು ಮಾವನ ತೋಟ. ಇಲ್ಲಿ ಚಾಕು, ಗರಗಸ, ಬೆಂಕಿ ಎಲ್ಲಕ್ಕೂ ಜಾಗ ಇದೆ. ಆದರೆ ನಾನು ಮೊದಲು ಹೇಳುವುದು ಉಣ್ಣಿ ಬಗ್ಗೆ. ವಿದೇಶದ ವಿಡಿಯೋಗಳಲ್ಲಿ ತರಗೆಲೆ ಗುಡ್ಡೆ ಹಾಕಿ ಅದರ ಮೇಲೆ ಮಲಗುತ್ತಾರೆ. ತೀರ್ಥಹಳ್ಳಿ ಕಡೆ ಡಿಸೆಂಬರ್‌ನಲ್ಲಿ ಅದನ್ನು ಮಾಡಲೇಬೇಡಿ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಅದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಹರಡುವ ಮರಿ ಉಣ್ಣಿಗಳು ಎಳ್ಳಿನಷ್ಟೂ ಇರುವುದಿಲ್ಲ, ತರಗೆಲೆಯಲ್ಲೇ ಇರುತ್ತವೆ. ದನಕ್ಕೂ ಉಣ್ಣಿ ಹತ್ತುತ್ತದೆ, ಹಾಗಾಗಿ ಕೊಟ್ಟಿಗೆ ಪಕ್ಕವೂ ಬೇಡ. ಅಂಗಳದ ಅಂಚಿನಲ್ಲಿ ಚೆನ್ನಾಗಿ ಗುಡಿಸಿದ ಜಾಗ ಕೇಳಿ, ಹ್ಯಾಮಕ್ (ಮರಗಳ ನಡುವೆ ಕಟ್ಟುವ ಜೋಲಿ) ಅಥವಾ ಮಡಚುವ ಮಂಚ ಹಾಕಿಕೊಳ್ಳಿ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಆರೋಗ್ಯ ಇಲಾಖೆಯವರು ಆ ಕಡೆ ಉಣ್ಣಿ ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಂಚುತ್ತಾರೆ, ಮಾವನಿಗೆ ಹೇಳಿ ಮೊದಲೇ ತರಿಸಿಟ್ಟುಕೊಳ್ಳಿ. ಸಂಜೆ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಕಂಕುಳು, ತೊಡೆ ಸಂದು, ಕಿವಿ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರ ಎಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಊರಿಗೆ ಬಂದ ಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ. ಉಂಬಳ (ಜಿಗಣೆ) ಆ ತಿಂಗಳಲ್ಲಿ ಕಡಿಮೆ, ಹಳ್ಳದ ಪಕ್ಕ ಮಾತ್ರ ನೋಡಿಕೊಳ್ಳಿ.

ಹಾವು ಕಚ್ಚಿದಾಗ ವಿಷ ಹೀರುವ ಕಿಟ್ ನಿಮ್ಮ ಪಟ್ಟಿಯಲ್ಲಿದೆ, ಅದನ್ನು ತೆಗೆಯಿರಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು, 108ಕ್ಕೆ ಫೋನ್ ಮಾಡಿ, ಸೀದಾ ಆಸ್ಪತ್ರೆ. ಇದಕ್ಕೆ ಬೇಕಾದ ಸಾಮಾನು ಅಂದರೆ ರಾತ್ರಿ ಕೆಳಗೆ ಕಾಲಿಡುವ ಮುಂಚೆ ಹಚ್ಚುವ ಟಾರ್ಚ್, ಹಾಕಿಕೊಳ್ಳುವ ಮುಂಚೆ ಕೊಡವುವ ಶೂ.

ಚಾಕು ನಾಲ್ಕು ಇಂಚಿನ ಅಲಗಿನದ್ದು, ಮಡಚದೇ ಇರುವುದು ಸಾಕು. ಕಟ್ಟಿಗೆ ಸೀಳಲು ಮಾವನ ಮನೆಯಲ್ಲಿ ಕತ್ತಿ ಇದ್ದೇ ಇರುತ್ತದೆ, ಕೊಡಲಿ ಕೊಳ್ಳಬೇಡಿ. ಕಾರ್ಬನ್ ಸ್ಟೀಲ್ ಆದರೆ ಒರೆಸಿ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ, ಇಲ್ಲದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಚರ್ಮದ ಒರೆಗೆ ಮಲೆನಾಡಿನಲ್ಲಿ ಬೂಸ್ಟು ಬರುತ್ತದೆ, ಪ್ಲಾಸ್ಟಿಕ್ ಒರೆ ಒಳ್ಳೆಯದು.

ಬೆಂಕಿಗೆ ಫೆರೋ ರಾಡ್ ಅಭ್ಯಾಸ ಮಾಡಿ, ಖುಷಿ ಕೊಡುತ್ತದೆ. ಆದರೆ ಲೈಟರ್ ಒಂದು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಕರ್ಪೂರ ನಾಲ್ಕು ಇದ್ದರೆ ನಿಶ್ಚಿಂತೆ. ಕರ್ಪೂರ ಗಾಳಿಗೆ ಕರಗಿ ಹೋಗುತ್ತದೆ, ಸುಮ್ನೆ ಕಾಗದದಲ್ಲಿ ಸುತ್ತಿಟ್ಟರೆ ಉಳಿಯುವುದಿಲ್ಲ. ಆ ಕಾಲಕ್ಕೆ ಅಡಿಕೆ ಸೋಗೆ, ಹಾಳೆ ಎಲ್ಲಾ ಒಣಗಿರುತ್ತದೆ. ಒಲೆ ಸುತ್ತ ಮಣ್ಣು ಕಾಣುವ ತನಕ ಕೆರೆದು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟ ಮೇಲೆ ಹಚ್ಚಿ.

ಟಾರ್ಪಾಲ್ ಮಳೆ ಇಲ್ಲದಿದ್ದರೂ ಬೇಕು, ಇಬ್ಬನಿಗೆ ಹೊದಿಕೆ ಒದ್ದೆಯಾಗುತ್ತದೆ. 90 ಜಿಎಸ್‌ಎಂನ (ಅಂದರೆ ಚದರ ಮೀಟರ್‌ಗೆ 90 ಗ್ರಾಂ ತೂಗುವ) 3x4 ಮೀಟರ್ ಹಾಳೆ ಸುಮಾರು 1.1 ಕೆಜಿ ಬರುತ್ತದೆ, ಮೂವರಿಗೆ ಸಾಕು. ಹ್ಯಾಮಕ್ ಹಗ್ಗಕ್ಕೆ, ನಿಮ್ಮ ತಲೆಗಿಂತ ಒಂದು ಗೇಣು ಆಚೆ, ಟಾರ್ಪಾಲ್ ನೆರಳಿನೊಳಗೇ ಒಂದು ತುಂಡು ದಾರ ಕಟ್ಟಿ ಇಳಿಬಿಡಿ. ಮರದಿಂದ ಹಗ್ಗದ ಮೇಲೆ ಹರಿದು ಬರುವ ನೀರು ಆ ದಾರದಲ್ಲೇ ಇಳಿದು ನೆಲಕ್ಕೆ ಬೀಳುತ್ತದೆ, ಹಾಸಿಗೆಗೆ ಬರುವುದಿಲ್ಲ. ಅಡಿಕೆ ಮರಕ್ಕೆ ಹ್ಯಾಮಕ್ ಕಟ್ಟಬೇಡಿ. ಮರ ಬಾಗುತ್ತದೆ, ಅಡಿಕೆ ಗೊನೆ ಕೊಯ್ಯುವ ಹೊತ್ತಿನಲ್ಲಿ ಮಾವನಿಗೂ ಬೇಜಾರಾಗುತ್ತದೆ. ಹಲಸು, ಮಾವು ನೋಡಿ.

ಕುಮಾರ ಪರ್ವತದ ಬ್ಯಾಗ್ ನೀರು ಸೇರಿ ಏಳು ಕೆಜಿ ದಾಟದಿರಲಿ. ಈ ವಾರ ಒಂದು ಸಲ ಕಟ್ಟಿ, ಬಾತ್‌ರೂಮ್ ತಕ್ಕಡಿ ಮೇಲೆ ಬ್ಯಾಗ್ ಹೊತ್ತು ನಿಂತು, ಆಮೇಲೆ ಬ್ಯಾಗ್ ಇಳಿಸಿ ನಿಂತು ವ್ಯತ್ಯಾಸ ನೋಡಿ. ಸಾಮಾನೆಲ್ಲ ಹಾಸಿಗೆ ಮೇಲೆ ಹರಡಿ ಒಂದು ಫೋಟೋ ಇಲ್ಲಿ ಹಾಕಿ, ಯಾವುದು ಮೈಮೇಲೆ, ಯಾವುದು ಸೊಂಟಕ್ಕೆ ಅಂತ ಬರೆಯಿರಿ. ಶೂ ಯಾವುದು ಅಂತಲೂ ಹೇಳಿ. ಹೊಸದಾದರೆ ಇವತ್ತಿನಿಂದಲೇ ಹಾಕಿಕೊಂಡು ಓಡಾಡಿ.