ಅಕ್ಷರ ದುಂಡಾಗದಿರುವುದು ಸೋಮಾರಿತನದಿಂದಲೇ?

ಪ್ರಶ್ನೆ: 4ನೇ ತರಗತಿಯಲ್ಲಿರುವ ನನ್ನ ಮಗ ಚೆನ್ನಾಗಿ ಓದುತ್ತಾನೆ, ಕೇಳಿದ್ದಕ್ಕೆಲ್ಲ ಬಾಯಲ್ಲಿ ಸರಿಯಾಗಿ ಉತ್ತರ ಹೇಳುತ್ತಾನೆ. ಬರವಣಿಗೆ ಮಾತ್ರ ಕಾಗೆಕಾಲು ಗುಬ್ಬಿಕಾಲು. ಅರ್ಧ ಪುಟ ಬರೆಯುವಷ್ಟರಲ್ಲಿ ಕೈ ನೋವು ಎನ್ನುತ್ತಾನೆ. ಇದು ಸೋಮಾರಿತನವೆಂದು ಶಾಲೆಯಲ್ಲಿ ಹೇಳಿದ್ದರಿಂದ ದಿನವೂ 4 ಪುಟ ಕಾಪಿ ಬರೆಸುತ್ತಿದ್ದೇನೆ. ಆದರೂ ಸುಧಾರಿಸಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಆ 4 ಪುಟಗಳನ್ನು ನಿಲ್ಲಿಸಿ. ನೋಯುವ ಕೈಯಿಂದ ಬರೆಸಿದಷ್ಟೂ ತಪ್ಪು ರೂಢಿಯೇ ಗಟ್ಟಿಯಾಗುತ್ತದೆ. ಓದು, ಮಾತು ಎರಡರಲ್ಲೂ ಚುರುಕಾಗಿರುವ ಹುಡುಗ ಬರೆಯುವಾಗ ಮಾತ್ರ ಹಿಂದೆ ಬೀಳುತ್ತಿದ್ದರೆ ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸು ಬಾರದು.

ಬರೆಯುವುದೆಂದರೆ ಅಕ್ಷರದ ರೂಪವನ್ನು ನೆನಪಿನಿಂದ ತೆಗೆದು, ಕಣ್ಣಿನ ಅಂದಾಜಿಗೆ ಬೆರಳುಗಳನ್ನು ಹೊಂದಿಸಿ, ಗೆರೆಯ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ. ಕನ್ನಡದಲ್ಲಿ ಬೆರಳು ಮತ್ತೆ ಮತ್ತೆ ದುಂಡಗೆ ತಿರುಗಬೇಕು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕು. ಮ ಮತ್ತು ವ, ಪ ಮತ್ತು ಷ ಇವುಗಳ ನಡುವಿನ ಸಣ್ಣ ವ್ಯತ್ಯಾಸ ತಪ್ಪಬಾರದು. ಜೊತೆಗೆ ತಲೆಗೆರೆಯಿಂದ ಇಳಿಬಿದ್ದ ಹಿಂದಿ ಅಕ್ಷರಗಳನ್ನೂ ಕೆಳಗೆರೆಯ ಮೇಲೆ ಕೂರುವ ಇಂಗ್ಲಿಷ್ ಅಕ್ಷರಗಳನ್ನೂ ನಮ್ಮ ಮಕ್ಕಳು ಅದೇ ವಯಸ್ಸಿನಲ್ಲಿ ಕಲಿಯುತ್ತಾರೆ.

ತೊಡಕು ಎಲ್ಲಿದೆಯೆಂದು ಮನೆಯಲ್ಲೇ ಸ್ವಲ್ಪಮಟ್ಟಿಗೆ ತಿಳಿಯಬಹುದು. ಒಂದು ದಿನ ಪುಸ್ತಕ ನೋಡಿ 3 ಸಾಲು ಬರೆಸಿ, ಮರುದಿನ ಅಷ್ಟನ್ನೇ ಉಕ್ತಲೇಖನವಾಗಿ ಕೊಡಿ, ಇನ್ನೊಂದು ದಿನ ಅವನದೇ ಮಾತಿನಲ್ಲಿ ಬರೆಯಲು ಹೇಳಿ. ನೋಡಿ ಬರೆದದ್ದು ಚೆನ್ನಾಗಿದ್ದು ಉಕ್ತಲೇಖನ ಕೆಟ್ಟರೆ ಅಕ್ಷರರೂಪ ಅಥವಾ ಕಾಗುಣಿತ ಮನಸ್ಸಿನಲ್ಲಿ ಇನ್ನೂ ನಿಂತಿಲ್ಲದಿರಬಹುದು. ಸ್ವಂತ ಬರಹದಲ್ಲಷ್ಟೇ ಕೆಟ್ಟರೆ, ಅಕ್ಷರ ಮೂಡಿಸುವುದಕ್ಕೇ ಗಮನವೆಲ್ಲ ಖರ್ಚಾಗಿ ವಿಚಾರಕ್ಕೆ ಉಳಿಯುತ್ತಿಲ್ಲ ಎಂದಾಗಬಹುದು. ಮೂರರಲ್ಲೂ ಕೆಟ್ಟು ಕೈಯೂ ನೋಯುತ್ತಿದ್ದರೆ ಬೆರಳಿನ ಹಿಡಿತವನ್ನೂ ಕೂರುವ ಭಂಗಿಯನ್ನೂ ಗಮನಿಸಿ. ಪೆನ್ಸಿಲನ್ನು ಮೂರೇ ಬೆರಳಲ್ಲಿ ಹಿಡಿಯಬೇಕೆಂಬ ಹಟ ಬೇಡ, ನಾಲ್ಕು ಬೆರಳಲ್ಲಿ ಹಿಡಿದೂ ಅಂದವಾಗಿ ಬರೆಯುವವರಿದ್ದಾರೆ. ಆದರೆ ಬೆರಳತುದಿ ಬಿಳಿಚುವಷ್ಟು, ಹಾಳೆಯ ಹಿಂಬದಿಯಲ್ಲಿ ಅಚ್ಚು ಮೂಡುವಷ್ಟು ಒತ್ತುತ್ತಿದ್ದರೆ ನೋವಿಗೆ ಕಾರಣ ಅದೇ ಇರಬಹುದು. ಪಾದ ನೆಲಕ್ಕೆ ತಾಗಲಿ, ಮೇಜು ಮೊಣಕೈ ಎತ್ತರಕ್ಕಿರಲಿ. ಎಡಗೈಯವನಾದರೆ ಕೈ ಬದಲಿಸದೆ ಹಾಳೆಯ ಮೇಲ್ತುದಿಯನ್ನು ತುಸು ಬಲಕ್ಕೆ ವಾಲಿಸಿ. ಕರಿಹಲಗೆ ನೋಡಿ ಬರೆಯುವಾಗಲಷ್ಟೇ ತಪ್ಪುತ್ತಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ.

ಅಂಗಿಯ ಗುಂಡಿ ಹಾಕುವುದು, ಶೂ ಲೇಸು ಕಟ್ಟುವುದು, ಚೆಂಡು ಹಿಡಿಯುವುದೂ ಅವನಿಗೆ ಕಷ್ಟವೇ? ಹಾಗಿದ್ದರೆ ಚಲನೆಯ ಹೊಂದಾಣಿಕೆಯಲ್ಲೇ ತೊಂದರೆ ಇರಬಹುದು. 5ರಿಂದ 11 ವರ್ಷದ ಮಕ್ಕಳಲ್ಲಿ ಇದು ನೂರಕ್ಕೆ 5–6 ಮಂದಿಯಲ್ಲಿ ಕಾಣುತ್ತದೆ. ಆಗ ಮಕ್ಕಳ ವೈದ್ಯರ ಮೂಲಕ ಆಕ್ಯುಪೇಶನಲ್ ಥೆರಪಿಸ್ಟ್ (ಬರೆಯುವುದು, ಗುಂಡಿ ಹಾಕುವುದು ಮುಂತಾದ ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವ ತಜ್ಞರು) ಬಳಿ ತೋರಿಸಿ. ಕಲಿಕಾ ನ್ಯೂನತೆಯ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಕಲಿಯುವುದರಲ್ಲಿ ಇರುವ ತೊಂದರೆಯ, ಅನುಮಾನ ಬಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷಿಸುತ್ತಾರೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವುದರಿಂದ, ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು.

ಸದ್ಯಕ್ಕೆ ದಿನಕ್ಕೆ ಹತ್ತೇ ನಿಮಿಷ, ತಪ್ಪುವ ಎರಡು ಮೂರು ಅಕ್ಷರಗಳನ್ನಷ್ಟೇ ನಿಧಾನವಾಗಿ ಬರೆಸಿ. ಕೆಲವು ಉತ್ತರಗಳನ್ನು ಬಾಯಲ್ಲೇ ಒಪ್ಪಿಸಿಕೊಳ್ಳುವಂತೆ ಅವನ ಶಿಕ್ಷಕರನ್ನು ಕೇಳಿಕೊಳ್ಳಿ.