ದೇವರಲ್ಲಿ ನಂಬಿಕೆಯಿದ್ದರೆ ಸಾಲದೇ, ನೆರೆಯವನ ಚಿಂತೆ ಕ್ರೈಸ್ತರಿಗೆ ಏಕೆ?

ಈ ಎರಡನ್ನೂ ಯೇಸು ಬೇರ್ಪಡಿಸಲಿಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡ 6:5ರ ದೇವಪ್ರೀತಿಯನ್ನೂ ಯಾಜಕಕಾಂಡ 19:18ರ ನೆರೆಯವನ ಪ್ರೀತಿಯನ್ನೂ ಜೊತೆಗಿಟ್ಟೇ ಹೇಳಿದನು. ನೆರೆಯವನು ಯಾರೆಂಬುದಕ್ಕೆ ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಉತ್ತರ ಒಂದು ಕಥೆ: ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಕಂಡು ಓರೆಯಾಗಿ ಹೋದರೆ, ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನೊಬ್ಬನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಅವನನ್ನು ಛತ್ರಕ್ಕೆ ಒಯ್ದನು. ಮರುದಿನ ಛತ್ರದವನಿಗೆ ಎರಡು ದಿನಾರಿಗಳನ್ನು, ಅಂದರೆ ಆಳಿನ ಎರಡು ದಿನದ ಕೂಲಿಯಷ್ಟನ್ನು ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದನು. ನನಗೆ ಮುಖ್ಯವೆನಿಸುವುದು ಈ ಕೊನೆಯ ವಿವರ; ಕನಿಕರವು ಇಲ್ಲಿ ಹಣ, ಸಮಯ ಮತ್ತು ಮರಳಿ ಬರುವ ಹೊಣೆಯಾಗಿದೆ. ಹಸಿದವನಿಗೆ ಏನೂ ಕೊಡದೆ ‘ಹೊಟ್ಟೆ ತುಂಬಿಸಿಕೋ’ ಎಂದು ಕಳುಹಿಸುವ ನಂಬಿಕೆಯನ್ನು ಬೈಬಲ್ಲಿನ ಯಾಕೋಬನ ಪತ್ರಿಕೆಯಂತೂ ಸತ್ತದ್ದೆಂದೇ ಕರೆಯುತ್ತದೆ.