ಇಷ್ಟು ಚೊಕ್ಕ ಜಪಾನಿನಲ್ಲಿ ಕಾಲಿಗೆ ತುರಿಕೆ ಹೇಗೆ ಬಂತು?

ಪ್ರಶ್ನೆ: ಕೆಲಸಕ್ಕೆಂದು ಟೋಕಿಯೋಗೆ ಬಂದು ಎಂಟು ತಿಂಗಳಾಯಿತು. ಇಲ್ಲಿಯವರಂತೆ ಬಾಗಿಲಲ್ಲೇ ಶೂ ಬಿಡುತ್ತೇನೆ. ವಾರಕ್ಕೊಮ್ಮೆ ಸಾರ್ವಜನಿಕ ಸ್ನಾನದ ಮನೆಗೂ ಹೋಗುತ್ತೇನೆ. ಈಗ ಕಾಲಿನ ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಸುಲಿಯುತ್ತಿದೆ, ತುರಿಕೆ ಬೇರೆ. ಇಷ್ಟು ಸ್ವಚ್ಛ ಊರಲ್ಲಿ ಇದೆಲ್ಲಿಂದ ಬಂತು ಡಾಕ್ಟರೇ?

ಉತ್ತರ: ನೀವು ಹೇಳುವುದು ಕೇಳಿದರೆ ಫಂಗಸ್ ಸೋಂಕಿನಂತೆ ಕಾಣುತ್ತದೆ. ಜಪಾನಿಯರು ಇದನ್ನು ‘ಮಿಜುಮುಶಿ’ ಅನ್ನುತ್ತಾರೆ, ಅಂದರೆ ನೀರುಹುಳ. ಹೆಸರಲ್ಲಷ್ಟೇ ಹುಳ! ಸರಿಸುಮಾರು ಐವರಲ್ಲಿ ಒಬ್ಬರಿಗೆ ಇದು ಇದೆ ಎಂದು ಅಲ್ಲಿನ ಚರ್ಮವೈದ್ಯರ ಅಂದಾಜು. ಹಾಗಾಗಿ ನಾಚಿಕೊಳ್ಳಬೇಡಿ.

ಬಾಗಿಲ ಒಳಗಿನ ತಗ್ಗಿನಲ್ಲಿ, ‘ಗೆಂಕನ್’ನಲ್ಲಿ, ಶೂ ಬಿಡುವುದು ಒಳ್ಳೆಯದೇ. ರಸ್ತೆಯ ಕೊಳೆ ತತಾಮಿ ಚಾಪೆಗೆ ಹತ್ತುವುದಿಲ್ಲ, ಪಾದಕ್ಕೂ ಗಾಳಿಯಾಡುತ್ತದೆ. ಆದರೆ ಈ ಫಂಗಸ್ ಸಾಮಾನ್ಯವಾಗಿ ಬರುವುದು ಸೋಂಕಿರುವ ಪಾದದಿಂದ ಉದುರಿದ ಚರ್ಮದ ಹೊಟ್ಟಿನ ಜೊತೆ. ಬರಿಗಾಲಿನವರು ಸೇರುವ ಕಡೆಯೇ ಅದಕ್ಕೆ ಹಬ್ಬ. ‘ಸೆಂತೋ’ದಲ್ಲಿ, ಅಂದರೆ ನೀವು ಹೋಗುವ ಸಾರ್ವಜನಿಕ ಸ್ನಾನದ ಮನೆಯಲ್ಲಿ, ಎಲ್ಲರೂ ಮೈ ತೊಳೆದುಕೊಂಡೇ ತೊಟ್ಟಿಗಿಳಿಯುತ್ತಾರೆ, ಸರಿ. ಹೊರಗೆ ಬಂದು ಕಾಲೊರೆಸುವ ಮ್ಯಾಟ್ ಮಾತ್ರ ಎಲ್ಲರಿಗೂ ಒಂದೇ, ಅದೂ ಒದ್ದೆ. ಬಂದವರಿಗೆಲ್ಲ ಕೊಡುವ ಸ್ಲಿಪ್ಪರ್, ಶೌಚಾಲಯದ ಸ್ಲಿಪ್ಪರ್ ಕಥೆಯೂ ಅಷ್ಟೆ. ಇನ್ನು ಬೇಸಿಗೆಯ ಸೆಕೆಯಲ್ಲಿ ದಿನವಿಡೀ ಆಫೀಸಿನಲ್ಲಿ ಶೂ ಹಾಕಿ ಕೂತರೆ ಕೇಳಬೇಕೇ?

ಸಮಾಧಾನದ ವಿಷಯ ಏನಂದರೆ, ಹೊಟ್ಟು ಅಂಟಿದ ಕೂಡಲೇ ಸೋಂಕಾಗುವುದಿಲ್ಲ. ಚರ್ಮದೊಳಗೆ ಇಳಿಯಲು ಸುಮಾರು 24 ಗಂಟೆ ಬೇಕು. ಅಷ್ಟರೊಳಗೆ ಸೋಪು ಹಚ್ಚಿ ಮೆಲ್ಲಗೆ ತೊಳೆದು, ಬೆರಳ ಸಂದಿ ಒಣಗಿಸಿದರೆ ಸಾಕು. ನಮ್ಮವರ ಹಾಗೆ ಕಲ್ಲು ಹಾಕಿ ಗಸಗಸ ಉಜ್ಜಬೇಡಿ. ಚರ್ಮ ಗೀರಿದರೆ ಫಂಗಸ್ ಇನ್ನೂ ಬೇಗ ಇಳಿಯುತ್ತದೆ. ಅಲ್ಲಿ ಐದು ಬೆರಳಿನ ಸಾಕ್ಸ್ ಸುಲಭವಾಗಿ ಸಿಗುತ್ತದೆ. ನೋಡಲು ತಮಾಷೆ, ಆದರೆ ಸಂದಿಯ ಬೆವರು ಹೀರುತ್ತದೆ. ಒಂದೇ ಶೂ ದಿನಾ ಹಾಕದೆ ಎರಡು ಜೊತೆ ಬದಲಾಯಿಸುತ್ತಾ ಇರಿ.

ಮೊದಲು ‘ಹಿಫುಕಾ’ ಎಂಬ ಬೋರ್ಡಿರುವ ಚರ್ಮದ ಕ್ಲಿನಿಕ್ಕಿಗೆ ಹೋಗಿ. ಸ್ವಲ್ಪ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದಕ್ಕೂ ಮುಂಚೆ ಸುಮ್ನೆ ಏನೋ ಕ್ರೀಮ್ ಹಚ್ಚಿಕೊಂಡರೆ ಫಂಗಸ್ ಕಣ್ಣಿಗೆ ಬೀಳದೇ ಹೋಗಬಹುದು. ಅದರಲ್ಲೂ ಊರಿಂದ ತಂದ, ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಬೇಡವೇ ಬೇಡ. ತುರಿಕೆ ನಿಲ್ಲುತ್ತದೆ, ಒಳಗೊಳಗೇ ಸೋಂಕು ಹಬ್ಬುತ್ತದೆ. ಸರಿಯಾದ ಮುಲಾಮು ಕೊಟ್ಟ ಮೇಲೂ ಎರಡು ವಾರಕ್ಕೆ ಹಾಯೆನಿಸಿತು ಅಂತ ಬಿಡಬೇಡಿ. ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದು ತಿಂಗಳಾದರೂ, ಹಚ್ಚಬೇಕು. ಸಕ್ಕರೆ ಕಾಯಿಲೆ ಇದ್ದರೆ ಈ ವಾರವೇ ತೋರಿಸಿ.